ಕೋಳಿಗೂಡಿಗೆ ಇಲಿ, ಹೆಗ್ಗಣ ಹತ್ತದಂತೆ ನೋಡಿಕೊಳ್ಳುವ ಬಗೆ

ಗೂಡಿನ ಸುತ್ತ ಇಲಿ ಕಂಡ ಕೂಡಲೇ ಹೆಚ್ಚಿನವರು ಅಂಗಡಿಗೆ ಹೋಗಿ ಪಾಷಾಣ ತರುತ್ತಾರೆ. ಆ ಕ್ರಮವೇ ತಲೆಕೆಳಗು. ಇಲಿ ಬರುವುದು ಕೋಳಿಗೆ ಹಾಕಿ ಮಿಕ್ಕ ಕಾಳಿಗೆ. ಕಾಳು ಸಿಗುತ್ತಿರುವವರೆಗೆ ಹತ್ತು ಇಲಿ ಸತ್ತರೂ ಆ ಜಾಗಕ್ಕೆ ತೋಟದಿಂದ, ಗದ್ದೆ ಏರಿಯಿಂದ, ಪಕ್ಕದ ಹಂದಿಗೂಡಿನಿಂದ ಇನ್ನು ಹತ್ತು ಬಂದು ಸೇರುತ್ತವೆ. ಗಬ್ಬವಾದ ಇಲಿ ಸುಮಾರು 3 ವಾರಕ್ಕೆ ಈಯುತ್ತದೆ. ಒಂದು ಸೂಲಿಗೆ 6ರಿಂದ 10 ಮರಿ. ಆ ಮರಿಗಳು ಮೂರು ತಿಂಗಳ ಹೊತ್ತಿಗೆ ತಾವೇ ಮರಿ ಹಾಕಲು ತಯಾರು. ಸಾಯಿಸುವುದರಲ್ಲೇ ಇದನ್ನು ಗೆಲ್ಲಲು ಆಗುವುದಿಲ್ಲ.

ಹಾಗಾಗಿ ಕೆಲಸದ ಸರದಿ ಹೀಗಿರಲಿ: ಮೊದಲು ರಾತ್ರಿ ಹೊತ್ತು ಕಾಳು ಸಿಗದಂತೆ ಮಾಡಿ. ಆಮೇಲೆ ಅವು ಅಡಗುವ ಜಾಗ ತೆಗೆಯಿರಿ. ಹಸಿದ ಇಲಿಗಳನ್ನು ಬೋನಿನಲ್ಲಿ ಹಿಡಿಯಿರಿ. ಗೂಡು ಖಾಲಿಯಾದ ಮೇಲೆ ಜಾಲರಿ ಹೊಡೆದು ಮುಚ್ಚಿ. ಇಷ್ಟಾದ ಮೇಲೂ ಹೊರಗಡೆ ಬಿಲ ಉಳಿದಿದ್ದರೆ ಮಾತ್ರ ವಿಷದ ಮಾತು.

ನಷ್ಟದ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಒಂದು ಇಲಿ ದಿನಕ್ಕೆ 15ರಿಂದ 25 ಗ್ರಾಂ ತಿನ್ನುತ್ತದೆ. ಕಟ್ಟಿ ಸಾಕಿದ ದೊಡ್ಡ ಹೇಂಟೆಗೆ ದಿನಕ್ಕೆ 100ರಿಂದ 120 ಗ್ರಾಂ ಆಹಾರ ಬೇಕು. ಅಂದರೆ ಐದಾರು ಇಲಿ ಒಂದು ಹೇಂಟೆಯ ಪಾಲು ತಿಂದು ಮುಗಿಸುತ್ತವೆ. ಹಿಕ್ಕೆ, ಮೂತ್ರ ಬಿದ್ದು ಹಾಳಾಗುವುದು ಬೇರೆ. ಮೊಟ್ಟೆ ಹೋಗುತ್ತದೆ, ಮೂರು ನಾಲ್ಕು ವಾರದೊಳಗಿನ ಮರಿಗಳನ್ನು ಎಳೆದುಕೊಂಡು ಹೋಗುತ್ತವೆ, ರಾತ್ರಿ ಗಳದ ಮೇಲೆ ಕೂತ ದೊಡ್ಡ ಕೋಳಿಯ ಕಾಲ್ಬೆರಳನ್ನೂ ಕಡಿಯುತ್ತವೆ. ಕೋಳಿ ಬೆಳಿಗ್ಗೆ ಕುಂಟುತ್ತಿದ್ದರೆ, ಬೆರಳ ತುದಿಯಲ್ಲಿ ರಕ್ತ ಕಂಡರೆ, ಗೂಡಿನೊಳಗೇ ಇಲಿ ಇದೆ ಎಂದುಕೊಳ್ಳಿ.

ಬಂದಿರುವುದು ಯಾವುದು?

ಕೊಡಗಿನ ನಮ್ಮ ಹಿತ್ತಲಲ್ಲಿ ಮುಖ್ಯವಾಗಿ ಮೂರು ಬಗೆ. ಒಂದೊಂದಕ್ಕೆ ಒಂದೊಂದು ಉಪಾಯ. ಹಾಗಾಗಿ ಗುರುತು ಹಿಡಿಯದೆ ದುಡ್ಡು ಖರ್ಚು ಮಾಡಬೇಡಿ.

ಮನೆ ಇಲಿ ಹತ್ತುವ ಇಲಿ. ಮೈಗಿಂತ ಬಾಲ ಉದ್ದ, ಕಿವಿ ದೊಡ್ಡದು. ಹೆಂಚಿನ ಸಂದಿ, ಅಟ್ಟ, ಮೆಣಸಿನ ಬಳ್ಳಿ, ಬಾಳೆ ಎಲೆ ಇದರ ದಾರಿ. ಹಿಕ್ಕೆ ಅರ್ಧ ಇಂಚು ಉದ್ದ, ಎರಡೂ ತುದಿ ಚೂಪು. ತೊಲೆ, ರೀಪಿನ ಮೇಲೆ ಓಡಾಡಿದ ಕಡೆ ಮೈ ಜಿಡ್ಡು ಹತ್ತಿ ಕಪ್ಪು ಪಟ್ಟೆ ಮೂಡಿರುತ್ತದೆ.

ಹೆಗ್ಗಣ ತೋಡುವ ಜಾತಿ. ಮೈ ದಪ್ಪ, ಮೂತಿ ಮೊಂಡು, ಕೂದಲು ಒರಟು. ಗೂಡಿನ ಅಡಿಪಾಯದ ಪಕ್ಕದಲ್ಲಿ, ಬರೆಯಲ್ಲಿ, ಗೊಬ್ಬರ ಗುಂಡಿಯ ಅಂಚಿನಲ್ಲಿ ಬಿಲ. ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಡ್ಡೆ ಇದ್ದರೆ ಹೆಗ್ಗಣದ್ದೇ. ಹಿಕ್ಕೆ ಒಂದಿಂಚಿಗೆ ಹತ್ತಿರ. ಗದ್ದೆ ಬದುವಿನ ಸಣ್ಣ ಹೆಗ್ಗಣ ಬಿಲದೊಳಗೆ ಕಾಳು ಕೂಡಿಡುತ್ತದೆ. ನೀವು ಮೇವು ನಿಲ್ಲಿಸಿದರೂ ಕೆಲವು ದಿನ ಅದು ಹಸಿಯದೆ ಇರುವುದು ಇದಕ್ಕೇ.

ಚಿಟ್ಟಿಲಿ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದು. ಹಿಕ್ಕೆ ಅನ್ನದ ಅಗುಳಿಗಿಂತ ಚಿಕ್ಕದು. ಕಾಲಿಂಚಿಗಿಂತ ಚೂರು ಹೆಚ್ಚಿನ ಸಂದಿ ಸಿಕ್ಕರೂ ಇದು ನುಸುಳುತ್ತದೆ.

ಉದ್ದ ಮೂತಿಯ, ಕೆಟ್ಟ ವಾಸನೆಯ, ಗೋಡೆ ಬುಡದಲ್ಲಿ ಕೀಚು ಕೀಚು ಎನ್ನುತ್ತ ಓಡುವ ಸೊಂಡಿಲಿ ಇಲಿಯಲ್ಲ. ಅದು ಜಿರಲೆ, ಹುಳ ತಿನ್ನುವ ಪ್ರಾಣಿ. ಅದನ್ನು ಬಿಟ್ಟುಬಿಡಿ. ಹಾಗೆಯೇ ಕಾಡಿನ ಅಂಚಿನ ತೋಟಗಳಲ್ಲಿ, ಮರದ ಪೊಟರೆಯಲ್ಲಿ ಇರುವ, ಪೊದೆಯಂಥ ಬಾಲದ ತುದಿ ಬೆಳ್ಳಗಿರುವ ಇಲಿ ಪಶ್ಚಿಮಘಟ್ಟದಲ್ಲಿ ಮಾತ್ರ ಇರುವಂಥದ್ದು. ಬೋನಿಗೆ ಬಿದ್ದರೆ ಬಿಡಿಸಿ ಮರಕ್ಕೆ ಬಿಡಿ.

ಮೊಟ್ಟೆ, ಮರಿ ಹೋದದ್ದಕ್ಕೆಲ್ಲ ಇಲಿಯೇ ಕಾರಣ ಎಂದೂ ಅಲ್ಲ. ಮೊಟ್ಟೆ ಚಿಪ್ಪಿನ ಚೂರೂ ಇಲ್ಲದೆ ಮಾಯವಾದರೆ ಹಾವಿನ ಮೇಲೆ ಅನುಮಾನ ಇಡಿ. ಒಂದೇ ರಾತ್ರಿಯಲ್ಲಿ ದೊಡ್ಡ ಕೋಳಿ ಎರಡು ಮೂರು ಸತ್ತಿದ್ದರೆ ಪುನುಗು, ಕಾಡುಬೆಕ್ಕು, ನಾಯಿಯ ಕೆಲಸ. ಹಗಲು ಮರಿ ಹೋದರೆ ಕಾಗೆ, ಗಿಡುಗ, ಮುಂಗುಸಿ. ರಾತ್ರಿ ಮರಿ ಕಾಣೆಯಾಗಿ ಬಿಲದ ಬಾಯಲ್ಲಿ ಪುಕ್ಕ ಸಿಕ್ಕರೆ ಅದು ಇಲಿ ಅಥವಾ ಹೆಗ್ಗಣ.

ಎಷ್ಟಿವೆ, ಎಲ್ಲಿಂದ ಬರುತ್ತವೆ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಸಂಜೆ ಕಂಡ ಬಿಲಗಳನ್ನೆಲ್ಲ ಒದ್ದೆ ಮಣ್ಣಿನಿಂದ ಮೆತ್ತಿ ಪಕ್ಕದಲ್ಲೊಂದು ಕಡ್ಡಿ ನೆಡಿ. ಬೆಳಿಗ್ಗೆ ತೆರೆದಿರುವುದಷ್ಟೇ ಜೀವಂತ ಬಿಲ. ಹನ್ನೆರಡು ಬಿಲ ಕಂಡ ಕಡೆ ಜೀವಂತ ನಾಲ್ಕೇ ಇರಬಹುದು, ಮುಂದಿನ ಕೆಲಸವೆಲ್ಲ ಆ ನಾಲ್ಕಕ್ಕೆ. ಎರಡನೆಯದು ಬೂದಿ. ಒಲೆಯ ಬೂದಿ ಜರಡಿ ಹಿಡಿದು ಗೂಡಿನ ಬಾಗಿಲ ಬುಡ, ಗೋಡೆ ಮೂಲೆ, ಡಬ್ಬಿ ಇಡುವ ಜಾಗದಲ್ಲಿ ಒಂದಡಿ ಅಗಲಕ್ಕೆ ತೆಳ್ಳಗೆ ಹರಡಿ. ಮುಂಗಾಲಿನಲ್ಲಿ ನಾಲ್ಕು, ಹಿಂಗಾಲಿನಲ್ಲಿ ಐದು ಬೆರಳಿನ ಗುರುತು, ನಡುವೆ ಬಾಲ ಎಳೆದ ಗೆರೆ ಬೆಳಿಗ್ಗೆ ಸ್ಪಷ್ಟ ಕಾಣುತ್ತದೆ. ಯಾವ ದಿಕ್ಕಿನಿಂದ ಬಂದು ಯಾವ ಸಂದಿಗೆ ಹೋಯಿತು ಎನ್ನುವುದೂ ಗೊತ್ತಾಗುತ್ತದೆ.

ಬಿಲಕ್ಕೆ ಕೈ ಹಾಕಬೇಡಿ, ಯಾವ ಕಾರಣಕ್ಕೂ. ಇಲಿ ಬಿಲದಲ್ಲಿ ನಾಗರ, ಕೊಳಕು ಮಂಡಲ ಇರುತ್ತವೆ. ಟಾರ್ಚು, ಉದ್ದ ಕೋಲು, ಕಾಲಿಗೆ ಗಂಬೂಟು ಇಲ್ಲದೆ ಮುಸ್ಸಂಜೆಯಲ್ಲಿ ಗೂಡಿನ ಹಿಂಭಾಗಕ್ಕೆ ಹೋಗಬೇಡಿ.

ಕೊಡಗಿನಲ್ಲಿ ಇಲಿ ಯಾವಾಗ ಗೂಡಿನ ಕಡೆ ತಿರುಗುತ್ತದೆ

ವರ್ಷದಲ್ಲಿ ಎರಡು ಸಲ ಒತ್ತಡ ಜಾಸ್ತಿ. ಜೂನ್‌ನಲ್ಲಿ ಮಳೆ ಹಿಡಿದು ಗದ್ದೆಗೆ ನೀರು ನಿಂತಾಗ ಬದುವಿನ ಬಿಲಕ್ಕೆ ನೀರು ನುಗ್ಗಿ ಹೆಗ್ಗಣ ಒಣ ಜಾಗ ಹುಡುಕುತ್ತ ಮೇಲೆ ಬರುತ್ತದೆ. ಹಿತ್ತಲಲ್ಲಿ ಸೂರಿನಡಿ ಒಣಗಿರುವುದು ಸೌದೆ ಕೊಟ್ಟಿಗೆ, ಕೋಳಿಗೂಡು ಎರಡೇ. ಅದೇ ಹೊತ್ತಿಗೆ ಹಲಸಿನ ಹಣ್ಣು, ಬೆಣ್ಣೆಹಣ್ಣು ಬಿದ್ದು ಕೊಳೆಯುತ್ತಿರುತ್ತವೆ. ಎರಡನೆಯದು ಹುತ್ತರಿ ಕಳೆದು ಕೊಯ್ಲು ಮುಗಿದ ಮೇಲೆ. ಗದ್ದೆಯಲ್ಲಿ ಕಾಳಿಲ್ಲ, ಕಾಳೆಲ್ಲ ಮನೆಯ ಕಣಕ್ಕೆ ಬಂದಿದೆ, ಹಿಂದೆಯೇ ಇಲಿಯೂ ಬರುತ್ತದೆ. ಕುಶಾಲನಗರ, ಸೋಮವಾರಪೇಟೆಯ ಮುಸುಕಿನ ಜೋಳದ ಕಡೆ ಈ ಓಡಾಟ ಜೋಳ ಮುರಿದ ಕೂಡಲೇ ಶುರು.

ಗೂಡು ಭದ್ರ ಮಾಡುವ ಕೆಲಸಕ್ಕೆ ಏಪ್ರಿಲ್, ಮೇ ಸರಿಯಾದ ಕಾಲ. ಭಾಗಮಂಡಲ, ನಾಪೋಕ್ಲು ಕಡೆಯ ಮಳೆಯಲ್ಲಿ ಜುಲೈನಲ್ಲಿ ಕಾಂಕ್ರೀಟ್ ಹಾಕಲು, ಗುಂಡಿ ತೆಗೆಯಲು ಆಗುವುದಿಲ್ಲ. ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಹೊತ್ತಿಗೆ ಕೋಳಿ ಬೆಳೆಸುವವರು ಮರಿ ಇಳಿಸುವ ಮೊದಲೇ ಜಾಲರಿ ಕೆಲಸ ಮುಗಿಸಿರಬೇಕು.

ರಾತ್ರಿ ಕಾಳು ಉಳಿಯಬಾರದು

ಇಡೀ ಕೆಲಸದ ಅರ್ಧ ಭಾಗ ಇದೇ. ಹೊರಗೆ ಮೇಯಲು ಬಿಡುವ ನಾಟಿ, ಗಿರಿರಾಜ, ಸ್ವರ್ಣಧಾರಾ ಕೋಳಿಗೆ ಮೇಲಿನಿಂದ ಕೊಡುವ ಕಾಳು ತಲೆಗೆ 40ರಿಂದ 50 ಗ್ರಾಂ ಸಾಕು. ಹತ್ತು ಕೋಳಿಗೆ ದಿನಕ್ಕೆ ಅರ್ಧ ಕಿಲೋ ಒಳಗೆ. ಅದನ್ನು ಬೆಳಿಗ್ಗೆ ಸ್ವಲ್ಪ, ಉಳಿದದ್ದನ್ನು ಕೋಳಿ ಗೂಡು ಸೇರುವ ಒಂದು ಗಂಟೆ ಮೊದಲು ಹಾಕಿ. 20 ನಿಮಿಷದಲ್ಲಿ ನೆಲ ಚೊಕ್ಕವಾಗಬೇಕು. ಕಾಳು ಉಳಿದಿದ್ದರೆ ಮರುದಿನ ಕಾಲು ಭಾಗ ಕಡಿಮೆ ಮಾಡಿ. ಮಣ್ಣಿನ ಮೇಲೆ ಎರಚುವುದಕ್ಕಿಂತ ಅಗಲವಾದ ತಟ್ಟೆ ಅಥವಾ ಹಳೆಯ ಬಾಂಡ್ಲಿಯಲ್ಲಿ ಹಾಕಿದರೆ ಉಳಿದದ್ದು ಕಣ್ಣಿಗೆ ಕಾಣುತ್ತದೆ, ಎತ್ತಿಡಲೂ ಸುಲಭ. ಕತ್ತಲಾದ ಮೇಲೆ ಕೋಳಿ ತಿನ್ನುವುದೂ ಇಲ್ಲ, ಕುಡಿಯುವುದೂ ಇಲ್ಲ. ಆದ್ದರಿಂದ ನೀರಿನ ಪಾತ್ರೆಯನ್ನೂ ಕವುಚಿ ಹಾಕಿ. ಬೇಸಿಗೆಯಲ್ಲಿ ಇದರಿಂದ ಆಗುವ ಉಪಯೋಗ ದೊಡ್ಡದು, ಯಾಕೆಂದರೆ ಒಣ ಕಾಳು ತಿಂದ ಇಲಿಗೆ ನೀರು ಬೇಕೇ ಬೇಕು.

ಫೀಡರ್ ತೂಗು ಹಾಕುವವರು ಅದರ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕೆ ಬರುವಂತೆ ಎತ್ತರಿಸಿ. ತಗ್ಗಾಗಿದ್ದರೆ ಕೋಳಿ ಕೊಕ್ಕಿನಲ್ಲಿ ಕೆದರಿ ಅರ್ಧ ಚೆಲ್ಲುತ್ತದೆ. ಎತ್ತರ ಸರಿ ಮಾಡಿದರೂ ರಾತ್ರಿ ಅದನ್ನು ತೆಗೆದು ಮುಚ್ಚಿಡಲೇಬೇಕು. ತೂಗು ಹಾಕಿದ ಹಗ್ಗದಲ್ಲಿ ಮನೆ ಇಲಿ ಇಳಿದು ಬರುತ್ತದೆ.

ಕಾಳು ಇಡಲು ಪ್ಲಾಸ್ಟಿಕ್ ಡ್ರಮ್ ನಂಬಬೇಡಿ. ಇಲಿಯ ಮುಂದಿನ ಹಲ್ಲು ಜೀವಮಾನವಿಡೀ ಬೆಳೆಯುತ್ತಲೇ ಇರುತ್ತದೆ. ಕಡಿಯುವುದು ಅದಕ್ಕೆ ಅನಿವಾರ್ಯ. ಡ್ರಮ್ಮಿನ ಬಾಯಂಚನ್ನು ಎರಡು ಮೂರು ರಾತ್ರಿಯಲ್ಲಿ ತೂತು ಮಾಡುತ್ತದೆ. 15 ಕಿಲೋ ಅಡುಗೆ ಎಣ್ಣೆಯ ತಗಡಿನ ಡಬ್ಬಿಯ ಮೇಲ್ಭಾಗ ಕತ್ತರಿಸಿ ಬಿಗಿಯಾದ ಮುಚ್ಚಳ ಮಾಡಿಸಿದರೆ 11ರಿಂದ 12 ಕಿಲೋ ಜೋಳದ ನುಚ್ಚು ಹಿಡಿಯುತ್ತದೆ. ಹತ್ತು ನಾಟಿ ಕೋಳಿಗೆ ಮೂರು ವಾರಕ್ಕಿಂತ ಹೆಚ್ಚೇ ಬರುತ್ತದೆ. ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು ತಂದಿಡಲೂಬೇಡಿ. ಥಂಡಿಗೆ ಬೂಷ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಬೆಳೆಯುತ್ತದೆ. ಅದು ಇಲಿಗಿಂತ ಬೇಗ ಕೋಳಿ ಕೊಲ್ಲುತ್ತದೆ. ಡಬ್ಬಿಯನ್ನು ಎರಡು ಇಟ್ಟಿಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಿ. ಹಿಂದೆ ಹಿಕ್ಕೆ ಬಿದ್ದರೆ ಕಾಣುವಂತಿರಲಿ.

ಮೊಟ್ಟೆಯನ್ನು ಮಧ್ಯಾಹ್ನ ಒಮ್ಮೆ, ಗೂಡು ಮುಚ್ಚುವಾಗ ಒಮ್ಮೆ ತೆಗೆಯಿರಿ. ಅಡುಗೆಮನೆಯ ಅನ್ನ, ಮೀನು ತೊಳೆದ ನೀರು, ಕೊಯ್ದ ಕೋಳಿಯ ಕರುಳು ಗೂಡಿನ ಹತ್ತಿರ ಚೆಲ್ಲಬೇಡಿ. ಹಂದಿ ಸಾಕಿರುವವರು ಮರಿಗೆಯಲ್ಲಿ (ಮೇವಿನ ತೊಟ್ಟಿಯಲ್ಲಿ) ಮಿಕ್ಕದ್ದನ್ನು ರಾತ್ರಿ ತೊಳೆದು ಬಿಡದಿದ್ದರೆ ಕೋಳಿಗೂಡಿನಲ್ಲಿ ಮಾಡಿದ್ದೆಲ್ಲ ವ್ಯರ್ಥ.

ಅಡಗುವ ಜಾಗ

ಮಳೆಗೆ ಮೊದಲು ಸೌದೆ ಒಟ್ಟುವುದು ನಮ್ಮಲ್ಲಿ ಎಲ್ಲ ಮನೆಯಲ್ಲೂ ಇರುವ ಕೆಲಸ. ಸೂರು ಇದೆ ಎಂದು ಅದನ್ನು ಕೋಳಿಗೂಡಿನ ಗೋಡೆಗೇ ಒರಗಿಸಿ ಒಟ್ಟುತ್ತಾರೆ. ಸೌದೆ ಒಟ್ಟಿನ ನಡುವಿನ ಸಂದಿ ಬೆಚ್ಚಗೆ, ಒಣಗಿ, ಬೆಕ್ಕಿನ ಕೈಗೂ ಸಿಗದಂತೆ ಇರುತ್ತದೆ. ಎರಡು ಹೆಜ್ಜೆಗೆ ಕಾಳು. ಇಲಿಗೆ ಇನ್ನೇನು ಬೇಕು? ಸೌದೆ, ಹುಲ್ಲು ಮೆದೆ, ಕಾಫಿ ಹೊಟ್ಟಿನ ಚೀಲ, ಹಳೆಯ ಹೆಂಚಿನ ರಾಶಿ ಇವೆಲ್ಲ ಗೂಡಿನಿಂದ ಕನಿಷ್ಠ 15 ಅಡಿ ದೂರ ಹೋಗಲಿ, ನೆಲದಿಂದ ಒಂದೂವರೆ ಅಡಿ ಎತ್ತರದ ಕಲ್ಲು, ಕಂಬದ ಮೇಲೆ ಕೂರಲಿ. ಅಡಿಯಲ್ಲಿ ಬೆಳಕು ಕಾಣುವ ಜಾಗದಲ್ಲಿ ಹೆಗ್ಗಣ ಮನೆ ಮಾಡುವುದಿಲ್ಲ.

ಗೂಡಿನ ಸುತ್ತ 3 ಅಡಿ ಕಳೆ ಇಲ್ಲದಂತೆ ಇಡಿ. ಸಾಧ್ಯವಿದ್ದರೆ ಗೋಡೆ ಬುಡಕ್ಕೆ ತಾಗಿ 2 ಅಡಿ ಅಗಲ, ಅರ್ಧ ಅಡಿ ಆಳಕ್ಕೆ 20 ಮಿ.ಮೀ. ಜಲ್ಲಿ ತುಂಬಿ. ತೋಡಿದಂತೆಲ್ಲ ಜಲ್ಲಿ ಕುಸಿಯುವುದರಿಂದ ಬಿಲ ನಿಲ್ಲುವುದಿಲ್ಲ. ಸೂರಿನ ನೀರು ಬಿದ್ದು ಮಣ್ಣು ಕೊರೆಯುವುದೂ ತಪ್ಪುತ್ತದೆ. ಮೇಲೆ ಬಾಗಿದ ಕೊಂಬೆ, ಬಾಳೆ ಎಲೆಯನ್ನು ಸೂರಿನಿಂದ 5 ಅಡಿ ದೂರಕ್ಕೆ ಕಡಿಯಿರಿ. ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ ಗೂಡಿನ ಮಾಡು ತಾಗಿದ್ದರೆ ಬಳ್ಳಿಯೇ ಏಣಿ.

ಗೂಡಿನೊಳಗೆ ಹಾಸುವ ಭತ್ತದ ಹೊಟ್ಟು, ಮರದ ಪುಡಿ 2ರಿಂದ 3 ಇಂಚು ಸಾಕು. ಅರ್ಧ ಅಡಿ ಹಾಸಿದರೆ ಅದರೊಳಗೇ ಸುರಂಗ ಮಾಡಿ ಮರಿ ಹಾಕುತ್ತವೆ. ವಾರಕ್ಕೊಮ್ಮೆ ಮೂಲೆಗಳನ್ನು ಗುದ್ದಲಿಯಿಂದ ತಿರುವಿ ಹಾಕಿ.

ಬೋನು

ಇಲಿಗೆ ಹೊಸ ವಸ್ತು ಕಂಡರೆ ಭಯ. ಬೋನು ತಂದ ರಾತ್ರಿಯೇ ಕೀಲು ಎತ್ತಿಟ್ಟರೆ ಒಂದು ಬೀಳುತ್ತದೆ, ಉಳಿದವು ಪಾಠ ಕಲಿಯುತ್ತವೆ. ಕೀಲು ಹಾಕದೆ, ಬಾಗಿಲು ತೆರೆದ ಹಾಗೇ ಕಟ್ಟಿಟ್ಟು, ಒಳಗೆ ತಿಂಡಿ ಇಟ್ಟು ಮೂರರಿಂದ ಐದು ರಾತ್ರಿ ಬಿಡಿ. ಎಲ್ಲ ಬೋನಿನಲ್ಲೂ ತಿಂಡಿ ಖಾಲಿಯಾಗತೊಡಗಿದ ಮೇಲೆ ಒಂದೇ ರಾತ್ರಿ ಎಲ್ಲಕ್ಕೂ ಕೀಲು ಹಾಕಿ. ಚಿಟ್ಟಿಲಿಗೆ ಈ ಕಾಯುವ ಕೆಲಸ ಬೇಡ, ಅದು ಹೊಸದನ್ನು ಹುಡುಕಿಕೊಂಡು ಬರುತ್ತದೆ.

ಒಂದು ಬೋನಿನಲ್ಲಿ ಏನೂ ಆಗುವುದಿಲ್ಲ. 4 ಅಡಿಗೆ 6 ಅಡಿಯ ಸಣ್ಣ ಗೂಡಿಗೂ ಎಂಟು ಹತ್ತು ಬೇಕು. ನೆರೆಮನೆಗಳಿಂದ ಕೇಳಿ ತಂದಾದರೂ ಸರಿ. ಇಲಿ ಗೋಡೆ ಬುಡ ಹಿಡಿದೇ ಓಡುತ್ತದೆ. ಹಾಗಾಗಿ ಕತ್ತರಿ ಬೋನನ್ನು ಗೋಡೆಗೆ ಅಡ್ಡವಾಗಿ, ತಿಂಡಿ ಇಡುವ ತುದಿ ಗೋಡೆಗೆ ತಾಗುವಂತೆ ಇಡಬೇಕು. ಸಮಾನಾಂತರ ಇಟ್ಟರೆ ಇಲಿ ಹಿಂದಿನಿಂದ ತುಳಿದು ಬೋನು ಸುಮ್ಮನೆ ಹಾರುತ್ತದೆ. ಕೋಳಿ, ಬೆಕ್ಕು, ಮಕ್ಕಳ ಬೆರಳು ಸಿಗದಂತೆ ಕತ್ತರಿ ಬೋನಿನ ಮೇಲೆ ಒಂದು ಮರದ ಪೆಟ್ಟಿಗೆ ಕವುಚಿ, ಎರಡು ಕಡೆ ಎರಡೂವರೆ ಇಂಚಿನ ತೂತು ಕೊರೆಯಿರಿ, ಮೇಲೆ ಕಲ್ಲು ಹೇರಿ. ಇಷ್ಟು ತೂತಿಗೆ ಮನೆ ಇಲಿ ಬರುತ್ತದೆ. ದೊಡ್ಡ ಹೆಗ್ಗಣಕ್ಕೆ ಕತ್ತರಿ ಬೋನು ಸಾಲದು, ಗಾಯ ಮಾಡಿಕೊಂಡು ಎಳೆದುಕೊಂಡೇ ಹೋಗುತ್ತದೆ. ಅದಕ್ಕೆ ದಪ್ಪ ತಂತಿಯ ದೊಡ್ಡ ಪಂಜರದ ಬೋನು ಬಿಲದ ಬಾಯಿಯ ಹತ್ತಿರ ಇಡಿ, ಅಡಿಯಲ್ಲಿ ಗೂಟ ಹೊಡೆದು ಕಟ್ಟಿ. ಮೇಲೆ ಗೋಣಿ ಹೊದಿಸಿದರೆ ಬೇಗ ಒಳಗೆ ಹೋಗುತ್ತದೆ.

ತಿಂಡಿಗೆ ಸುಟ್ಟ ಕೊಬ್ಬರಿ, ಒಣಮೀನು, ಹಂದಿ ನೆಣದ ತುಂಡು ಮೂರೂ ಒಳ್ಳೆಯದು. ಕಾಳು ತಿಂದು ಬೇಸರವಾದ ಇಲಿಗೆ ಎಣ್ಣೆ, ಕೊಬ್ಬಿನ ವಾಸನೆಯೇ ಸೆಳೆತ. ತುಂಡನ್ನು ದಾರದಿಂದ ಕೀಲಿಗೆ ಬಿಗಿದು ಕಟ್ಟಿ. ಸುಮ್ಮನೆ ಇಟ್ಟರೆ ಕೀಲು ಅಲುಗದಂತೆ ಎತ್ತಿಕೊಂಡು ಹೋಗುತ್ತದೆ. ಮಳೆಯಲ್ಲಿ ದಿನಾ ಬದಲಿಸಿ, ಬೂಷ್ಟು ಬಂದದ್ದನ್ನು ಮುಟ್ಟುವುದಿಲ್ಲ. ಹಗಲು ಬೋನು ಮುಚ್ಚಿಡಿ, ಇಲ್ಲವಾದರೆ ಅಳಿಲು ಬೀಳುತ್ತದೆ.

ಹಿಡಿದ ಇಲಿಯನ್ನು ರಸ್ತೆಯಾಚೆ ಬಿಟ್ಟರೆ ಬೇರೆಯವರ ಗೂಡಿಗೆ ಹೋಗುತ್ತದೆ, ಅಥವಾ ವಾಪಸ್ ಬರುತ್ತದೆ. ಬೋನಿನ ಬಾಯಿಗೆ ಗೋಣಿ ಕಟ್ಟಿ, ಇಲಿಯನ್ನು ಗೋಣಿಯ ಮೂಲೆಗೆ ಓಡಿಸಿ, ತಲೆಗೆ ಒಂದೇ ಗಟ್ಟಿ ಏಟು ಕೊಡುವುದು ಕಡಿಮೆ ನೋವಿನ ದಾರಿ. ನೀರಿನಲ್ಲಿ ಮುಳುಗಿಸಿಡುವುದು, ಬಿಸಿಲಿಗೆ ಇಟ್ಟು ಸಾಯಿಸುವುದು ಬೇಡ. ಕೈಗವಸು ಹಾಕಿ, 2 ಅಡಿ ಆಳಕ್ಕೆ ಹೂತು, ಮೇಲೆ ಸುಣ್ಣ ಹಾಕಿ. ಅಂಟು ಹಲಗೆ ತರಲೇಬೇಡಿ. ಹಲ್ಲಿ, ಹಕ್ಕಿ, ಹಾವಿನ ಮರಿ, ಕೋಳಿಮರಿ ಎಲ್ಲ ಅದಕ್ಕೆ ಅಂಟಿ ನರಳಿ ಸಾಯುತ್ತವೆ.

ಜಾಲರಿ ಮತ್ತು ನೆಲ

ಇಲಿಗಳು ಒಳಗೇ ಇರುವಾಗ ಗೂಡು ಮುಚ್ಚಿದರೆ ಅವು ಕಾಳಿಲ್ಲದೆ ಕೋಳಿಮರಿಗೆ ಕೈ ಹಾಕುತ್ತವೆ, ಅಥವಾ ಹಲಗೆ ಕಡಿದು ಹೊಸ ತೂತು ಮಾಡುತ್ತವೆ. ಮೂರು ರಾತ್ರಿ ಬೂದಿಯ ಮೇಲೆ ಹೆಜ್ಜೆ ಕಾಣದ ಮೇಲೆ ಈ ಕೆಲಸ ಹಿಡಿಯಿರಿ.

ಅಂಗಡಿಯಲ್ಲಿ ಚಿಕನ್ ಮೆಶ್ ಎಂದು ಕೊಡುವ ಆರು ಮೂಲೆಯ ಕಣ್ಣಿನ ತೆಳ್ಳನೆ ತಂತಿ ಜಾಲರಿ ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಇಲಿ ಅದರ ಕಣ್ಣಿನಲ್ಲೇ ತೂರುತ್ತದೆ. ಕೇಳಬೇಕಾದದ್ದು ಅರ್ಧ ಇಂಚು ಚೌಕ ಕಣ್ಣಿನ ವೆಲ್ಡ್ ಮೆಶ್, ತಂತಿ 1 ಮಿ.ಮೀ. ಅಥವಾ ಅದಕ್ಕಿಂತ ದಪ್ಪ, ಗ್ಯಾಲ್ವನೈಸ್ ಮಾಡಿದ್ದು. ಚಿಟ್ಟಿಲಿ ಕಾಟವೂ ಇದ್ದರೆ, ಮರಿ ಗೂಡಿಗೆ, ಕಾಲಿಂಚು ಕಣ್ಣಿನದ್ದು. ಪ್ಲಾಸ್ಟಿಕ್ ನೆಟ್ ಒಂದು ರಾತ್ರಿಗೂ ಬಾರದು.

4 ಅಡಿಗೆ 6 ಅಡಿಯ ಗೂಡು ಎಂದಿಟ್ಟುಕೊಳ್ಳಿ. ಸುತ್ತಳತೆ 20 ಅಡಿ. 3 ಅಡಿ ಅಗಲದ ಮೆಶ್ 24 ಅಡಿ ಉದ್ದ ತನ್ನಿ. ಗೂಡಿನ ಸುತ್ತ ಅರ್ಧ ಅಡಿ ಆಳ, ಒಂದಡಿಗಿಂತ ಸ್ವಲ್ಪ ಹೆಚ್ಚು ಅಗಲದ ಕಾಲುವೆ ತೆಗೆಯಿರಿ. ಮೆಶ್‌ನ ಒಂದೂವರೆ ಅಡಿ ಗೋಡೆಯ ಮೇಲೆ, ಅರ್ಧ ಅಡಿ ಮಣ್ಣಿನೊಳಗೆ ನೇರ ಕೆಳಗೆ, ಉಳಿದ ಒಂದಡಿ ಹೊರಮುಖವಾಗಿ ಮಡಚಿ ಕಾಲುವೆಯ ತಳದಲ್ಲಿ ಹಾಸಿ. ಹೆಗ್ಗಣ ತೋಡುವುದು ಗೋಡೆ ಬುಡಕ್ಕೆ ತಾಗಿ. ಕೆಳಗೆ ತಂತಿ ಸಿಕ್ಕಾಗ ಇನ್ನೂ ಆಳಕ್ಕೆ ತೋಡಲು ನೋಡುತ್ತದೆಯೇ ಹೊರತು ಒಂದಡಿ ಹಿಂದೆ ಸರಿದು ತೋಡುವುದು ಅಪರೂಪ. ನೇರ ಕೆಳಗೆ ಮಾತ್ರ ಹೂತ ಮೆಶ್ ಸೋಲುವುದು, ಹೊರಗೆ ಮಡಚಿದ್ದು ನಿಲ್ಲುವುದು ಇದೇ ಕಾರಣಕ್ಕೆ.

ಎಲ್ಲರೂ ಎಡವುವುದು ನಾಲ್ಕು ಮೂಲೆಯಲ್ಲಿ. ಹೊರಗೆ ಮಡಚಿದಾಗ ಮೂಲೆಯಲ್ಲಿ ಒಂದಡಿ ಚೌಕ ಜಾಗ ಬರಿದಾಗಿ ಉಳಿಯುತ್ತದೆ. 24 ಅಡಿಯಲ್ಲಿ ಉಳಿದ 4 ಅಡಿ ಅದಕ್ಕೇ. ತುಂಡು ಕತ್ತರಿಸಿ ಹಾಸಿ, 2 ಇಂಚು ಒಂದರ ಮೇಲೊಂದು ಬರಿಸಿ, ಬೈಂಡಿಂಗ್ ವೈರಿನಿಂದ ನಾಲ್ಕು ಇಂಚಿಗೊಂದು ಗಂಟು ಹಾಕಿ. ಮರದ ಚೌಕಟ್ಟಿಗೆ ಯು ಮೊಳೆ ಮಾತ್ರ ಹೊಡೆದು ಬಿಡಬೇಡಿ, ಮಳೆಯಲ್ಲಿ ಮರ ಉಬ್ಬಿ ಬಿಸಿಲಿಗೆ ಕುಗ್ಗಿದಾಗ ಸಡಿಲವಾಗುತ್ತದೆ. ಮೇಲೊಂದು ರೀಪು ಇಟ್ಟು ಸ್ಕ್ರೂ ಬಿಗಿಯಿರಿ.

ಖರ್ಚು ತಡೆದೀತು ಎಂದರೆ ಒಳಗಿನ ನೆಲಕ್ಕೆ ಕಾಂಕ್ರೀಟೇ ಉತ್ತಮ. ಇದೇ ಅಳತೆಯ ಗೂಡಿಗೆ 3 ಇಂಚು ದಪ್ಪಕ್ಕೆ 6 ಘನ ಅಡಿ ಬೇಕು. 1:2:4 ಲೆಕ್ಕದಲ್ಲಿ ಒಂದು ಚೀಲ ಸಿಮೆಂಟಿಗೆ ಚೂರು ಮೇಲೆ, ಎರಡೂವರೆ ಘನ ಅಡಿಗೆ ಚೂರು ಮೇಲೆ ಮರಳು, ಐದೂಕಾಲು ಘನ ಅಡಿ ಜಲ್ಲಿ. ಬಾಗಿಲ ಕಡೆಗೆ ಒಂದಿಂಚು ಇಳಿಜಾರು ಕೊಡಿ, ತೊಳೆದ ನೀರು ನಿಲ್ಲದಿರಲಿ. ಬರೀ ಮಣ್ಣಿನ ಮೇಲೆ ಒಂದಿಂಚು ಗಾರೆ ಬಳಿದರೆ ಹೆಗ್ಗಣ ಅಡಿಯಿಂದ ತೋಡಿ, ಟೊಳ್ಳಾಗಿ, ಬಿರುಕು ಬಿಡುತ್ತದೆ. ಮಣ್ಣಿನ ನೆಲವೇ ಇರಲಿ ಎನ್ನುವವರು ಮೂರು ಇಂಚು ಕೆಳಗೆ ಪೂರ್ತಿ ಮೆಶ್ ಹಾಸಿ ಮಣ್ಣು ಮುಚ್ಚಬೇಕು. ಆದರೆ ಪಶ್ಚಿಮದ ಜಾಸ್ತಿ ಮಳೆಯ ಊರುಗಳಲ್ಲಿ ಮಣ್ಣಿನೊಳಗಿನ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಪ್ರತಿ ಬೇಸಿಗೆಯಲ್ಲಿ ಒಂದೆರಡು ಕಡೆ ಅಗೆದು ಎಳೆದು ನೋಡಿ.

ಕಂಬದ ಮೇಲಿನ ಗೂಡಾದರೆ ನೆಲದಿಂದ 3 ಅಡಿ ಎತ್ತರ ಇರಲಿ. ಪ್ರತಿ ಕಂಬಕ್ಕೂ ತಗಡಿನ ಕೊಡೆ, ಕಂಬದಿಂದ ಸುತ್ತಲೂ 9 ಇಂಚು ಚಾಚಿ, ಕೆಳಮುಖ ಬಾಗಿರುವಂತೆ. ಕೋಳಿ ಹತ್ತುವ ಏಣಿಯನ್ನು ರಾತ್ರಿ ತೆಗೆದಿಡದಿದ್ದರೆ ಕೊಡೆ ಹಾಕಿದ್ದು ದಂಡ.

ಬಾಗಿಲ ಕೆಳಗಿನ ಸಂದಿ ಕಾಲಿಂಚಿಗಿಂತ ಹೆಚ್ಚಿರಬಾರದು. ಬಾಗಿಲು, ಚೌಕಟ್ಟು ಎರಡರ ಕೆಳಭಾಗಕ್ಕೂ ಒಂದಡಿ ಎತ್ತರ ತಗಡು ಹೊಡೆಯಿರಿ. ಮಾಡಿನಲ್ಲಿ ಹೆಂಚಿನ ಅಂಚು, ಶೀಟಿನ ಅಲೆಯ ಕೆಳಗಿನ ತೆರೆದ ಬಾಯಿಗೆ ಮೆಶ್ ಸುರುಳಿ ತುರುಕಿ ಸಿಮೆಂಟ್ ಮೆತ್ತಿ. ಬಟ್ಟೆ, ಥರ್ಮಾಕೋಲ್, ಫೋಮ್ ತುರುಕಿದರೆ ಇಲಿ ಅದನ್ನೇ ಹಾಸಿಗೆ ಮಾಡಿಕೊಳ್ಳುತ್ತದೆ.

ಗಾಳಿ ಕಿಂಡಿಯನ್ನು ಮಾತ್ರ ತಗಡಿನಿಂದ ಮುಚ್ಚಬೇಡಿ. ಕೊಡಗಿನ ಮಳೆಗಾಲದ ತೇವದಲ್ಲಿ ಗಾಳಿ ಆಡದ ಗೂಡಿನೊಳಗೆ ಅಮೋನಿಯಾ ಕಟ್ಟಿ ಕೋಳಿಗಳಿಗೆ ಕಣ್ಣು ಉರಿ, ಗೊರಗೊರ ಉಸಿರು ಶುರುವಾಗುತ್ತದೆ. ಕಿಂಡಿ ತೆರೆದಿರಲಿ, ಮೆಶ್ ಇರಲಿ. ಕಾವು ಕೂತ ಹೇಂಟೆ ಮತ್ತು ಎಳೆ ಮರಿಗಳಿಗೆ ದೊಡ್ಡ ಗೂಡಿನೊಳಗೇ ಆರೂ ಕಡೆ ಮೆಶ್ ಇರುವ 2 ಅಡಿ ಚೌಕದ ಪೆಟ್ಟಿಗೆ ಬೇರೆ ಮಾಡಿ. ಬೆತ್ತದ ಮಂಕರಿ ಕವುಚಿದರೆ ಇಲಿಗೆ ಅದು ತಡೆಯಲ್ಲ.

ವಿಷ ಹಾಕಲೇಬೇಕಾದರೆ

ಗೂಡಿನೊಳಗೆ, ಕೋಳಿ ಮೇಯುವ ಜಾಗದಲ್ಲಿ ಯಾವ ವಿಷವೂ ಕೂಡದು. ಜಿಂಕ್ ಫಾಸ್ಫೈಡ್ ಹೊಟ್ಟೆಯಲ್ಲಿ ಫಾಸ್ಫೀನ್ ಅನಿಲವಾಗುತ್ತದೆ, ಮದ್ದಿಲ್ಲ. ಅದನ್ನು ಬೆರೆಸಿದ ನುಚ್ಚು ಕೋಳಿಗೆ ಬರೀ ನುಚ್ಚಾಗಿಯೇ ಕಾಣುತ್ತದೆ. ಹಳದಿ ರಂಜಕದ ಪೇಸ್ಟ್ ಮನುಷ್ಯರ ಲಿವರ್ ಕೆಡಿಸಿ ಕೊಲ್ಲುತ್ತದೆ, ಅದಕ್ಕೂ ಪ್ರತಿಮದ್ದಿಲ್ಲ. ಮಕ್ಕಳಿರುವ ಮನೆಗೆ ತರಬೇಡಿ. ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮನೆಯ ಹತ್ತಿರದ ಬಿಲಕ್ಕೆ ಹಾಕಿದರೆ ಅನಿಲ ನೆಲದಡಿಯಿಂದ ಮನೆಯೊಳಗೇ ಬರಬಹುದು.

ಉಳಿದದ್ದರಲ್ಲಿ ಕಡಿಮೆ ಅಪಾಯದ್ದು 0.005% ಬ್ರೋಮಡಿಯೋಲೋನ್ ಬಿಲ್ಲೆ. ರಕ್ತ ಹೆಪ್ಪುಗಟ್ಟದಂತೆ ಮಾಡಿ ನಾಲ್ಕರಿಂದ ಏಳು ದಿನಕ್ಕೆ ಇಲಿ ಸಾಯುತ್ತದೆ. ತಡವಾಗಿ ಸಾಯುವುದರಿಂದ ಉಳಿದ ಇಲಿಗಳಿಗೆ ಅನುಮಾನ ಬರುವುದಿಲ್ಲ. 4 ಇಂಚಿನ ಪಿವಿಸಿ ಪೈಪ್ 2 ಅಡಿ ಉದ್ದ ಕತ್ತರಿಸಿ, ನಡುವೆ ಆರಪಾರ ಎರಡು ತೂತು ಕೊರೆದು, ಬಿಲ್ಲೆಗೆ ತಂತಿ ಪೋಣಿಸಿ ಪೈಪಿನ ಮಧ್ಯಕ್ಕೆ ಬಿಗಿಯಿರಿ. ತಂತಿ ಇಲ್ಲದಿದ್ದರೆ ಇಲಿ ಬಿಲ್ಲೆಯನ್ನು ಹೊತ್ತೊಯ್ದು ಕೋಳಿ ಓಡಾಡುವಲ್ಲಿ ಬೀಳಿಸುತ್ತದೆ. ಪೈಪನ್ನು ಕೋಳಿ ಬೇಲಿಯ ಹೊರಗೆ, ಬಿಲದ ದಾರಿಯಲ್ಲಿ, ಗೂಟಕ್ಕೆ ಕಟ್ಟಿ. ಗದ್ದೆ ಬದುವಿನ ಜೀವಂತ ಬಿಲಕ್ಕಾದರೆ 15 ಗ್ರಾಂ ಪೊಟ್ಟಣವನ್ನು ಕೋಲಿನಿಂದ ಒಳಕ್ಕೆ ತಳ್ಳಿ, ಬಾಯಿಗೆ ಸೊಪ್ಪು ಮುಚ್ಚಿ. ಹತ್ತು ಹನ್ನೆರಡು ದಿನ ಬಿಟ್ಟು ಮತ್ತೆ ಬಿಲ ಪರೀಕ್ಷೆ ಮಾಡಿ, ತೆರೆದದ್ದಕ್ಕೆ ಮಾತ್ರ ಇನ್ನೊಮ್ಮೆ.

ಪ್ರತಿ ಬೆಳಿಗ್ಗೆ ಕೋಳಿ ಬಿಡುವ ಮೊದಲು ಸುತ್ತು ಹಾಕಿ ಸತ್ತ ಇಲಿ ಹೆಕ್ಕಿ ಹೂಳಲೇಬೇಕು. ವಿಷ ತಿಂದ ಇಲಿಯನ್ನು ಕೋಳಿ ಕುಕ್ಕುತ್ತದೆ, ನಾಯಿ, ಬೆಕ್ಕು, ಗೂಬೆ ತಿನ್ನುತ್ತವೆ. ನಾಯಿಯ ಒಸಡು ಬಿಳಿಚಿದರೆ, ಮೂಗಿನಲ್ಲಿ ರಕ್ತ ಬಂದರೆ ತಡ ಮಾಡದೆ ಪಶು ಆಸ್ಪತ್ರೆಗೆ ಒಯ್ಯಿರಿ, ವಿಷದ ಪೊಟ್ಟಣವನ್ನೂ ತೋರಿಸಿ. ಈ ಜಾತಿಯ ವಿಷಕ್ಕೆ ವಿಟಮಿನ್ ಕೆ1 ಪ್ರತಿಮದ್ದು ಇದೆ.

ಗೂಬೆ ಮತ್ತು ಕೇರೆ ಹಾವಿನ ಬಗ್ಗೆ ಒಂದು ವಿನಂತಿ. ಇವೆರಡೂ ಇಲಿ ತಿಂದೇ ಬದುಕುವಂಥವು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಣೆ ಇರುವಂಥವು. ಅರ್ಧ ಇಂಚಿನ ಮೆಶ್ ಹೊಡೆದ ಗೂಡಿಗೆ ಕೇರೆ ಹಾವು ನುಗ್ಗಲಾರದು, ಹೊರಗೆ ಅದರ ಪಾಡಿಗೆ ಅದು ಇರಲಿ. ಬೆಕ್ಕನ್ನು ಮಾತ್ರ ಹೆಚ್ಚು ನೆಚ್ಚಬೇಡಿ. ಎಳೆ ಇಲಿ ಹಿಡಿಯುತ್ತದೆ, ಬೆಳೆದ ಹೆಗ್ಗಣದ ತಂಟೆಗೆ ಹೋಗುವ ಬೆಕ್ಕು ಕಡಿಮೆ, ಕೋಳಿಮರಿ ರುಚಿ ಹತ್ತಿದರೆ ಅದು ಬೇರೆ ತೊಂದರೆ. ಪುದೀನ ಎಣ್ಣೆ, ಅಡುಗೆ ಸೋಡ, ಕೀರಲು ಶಬ್ದದ ಯಂತ್ರಗಳಿಗೆ ಕೊಡುವ ದುಡ್ಡಿನಲ್ಲಿ ಇನ್ನೆರಡು ಅಡಿ ಮೆಶ್ ಬರುತ್ತದೆ.

ಶುಚಿ ಮಾಡುವಾಗ

ಇಲಿ ಜ್ವರ ಇಲಿಯ ಮೂತ್ರದಿಂದ, ಒದ್ದೆ ಮಣ್ಣು, ನಿಂತ ನೀರಿನ ಮೂಲಕ, ಕಾಲಿನ ಸಣ್ಣ ಗಾಯದಿಂದ ಮೈ ಸೇರುತ್ತದೆ. ಗಂಬೂಟು, ರಬ್ಬರ್ ಕೈಗವಸು, ಮೂಗಿಗೆ ಬಟ್ಟೆ ಇಲ್ಲದೆ ಗೂಡು ತೊಳೆಯಬೇಡಿ. ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಿದರೆ ಧೂಳು ಎದ್ದು ಉಸಿರಿಗೆ ಹೋಗುತ್ತದೆ. ಮೊದಲು ಕೋಳಿಗಳನ್ನು ಹೊರಗೆ ಬಿಟ್ಟು, ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ, ಅಂದರೆ ಸುಮಾರು 15 ಗ್ರಾಂ ಬ್ಲೀಚಿಂಗ್ ಪೌಡರ್ ಕದಡಿ ಸಿಂಪಡಿಸಿ, ಹತ್ತು ನಿಮಿಷ ನೆನೆಯಲು ಬಿಟ್ಟು ಆಮೇಲೆ ಕೆರೆದು ತೆಗೆಯಿರಿ. ಕೋಳಿ ಹಿಕ್ಕೆ ತುಂಬ ಇರುವ ಕಡೆ ಬ್ಲೀಚಿಂಗ್ ನೇರ ಸುರಿದರೆ ಅಮೋನಿಯಾ ಜೊತೆ ಸೇರಿ ಘಾಟು ಅನಿಲ ಏಳುತ್ತದೆ. ಗೊಬ್ಬರವನ್ನು ಒದ್ದೆ ಮಾಡಿ ಮೊದಲು ಎತ್ತಿ ಹಾಕಿ, ಬರಿ ನೆಲಕ್ಕೆ ಮಾತ್ರ ಬ್ಲೀಚಿಂಗ್. ಪೂರ್ತಿ ಒಣಗಿದ ಮೇಲೆ ಹೊಸ ಹೊಟ್ಟು ಹಾಸಿ ಕೋಳಿ ಸೇರಿಸಿ.

ಮಳೆಗಾಲದಲ್ಲಿ ಈ ಕೆಲಸ ಮಾಡಿದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡದಲ್ಲಿ ಹಿಡಿದಂಥ ನೋವು, ಕಣ್ಣು ಕೆಂಪಾಗುವುದು ಕಂಡರೆ ಮನೆಮದ್ದು ಮಾಡುತ್ತ ಕೂರಬೇಡಿ. ಆಸ್ಪತ್ರೆಗೆ ಹೋಗಿ, ಇಲಿ ಇದ್ದ ಕೋಳಿಗೂಡು ತೊಳೆದ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿ. ಆರಂಭದಲ್ಲೇ ಗುರುತಿಸಿದರೆ ಸಾಮಾನ್ಯ ಆ್ಯಂಟಿಬಯೋಟಿಕ್‌ನಲ್ಲೇ ವಾಸಿಯಾಗುವ ಕಾಯಿಲೆ, ತಡವಾದರೆ ಕಿಡ್ನಿ, ಲಿವರ್‌ಗೆ ಹೋಗುತ್ತದೆ.

ಒಮ್ಮೆ ಗೂಡು ಭದ್ರವಾದ ಮೇಲೆ ತಿಂಗಳಿಗೊಂದು ಸಂಜೆ ಬೂದಿ ಹರಡಿ, ಬಿಲ ಮೆತ್ತಿ ನೋಡಿದರೆ ಸಾಕು. ಮಳೆ ಹಿಡಿದ ಮೊದಲ ತಿಂಗಳು ಮತ್ತು ಭತ್ತ ಕಣಕ್ಕೆ ಬಂದ ಮೇಲಿನ ತಿಂಗಳು ಇದನ್ನು ವಾರಕ್ಕೊಮ್ಮೆ ಮಾಡಿ. ಅಕ್ಕಪಕ್ಕದ ಮನೆಯವರನ್ನೂ, ತೋಟದ ಕೆಲಸಗಾರರ ಲೈನ್‌ಮನೆಯಲ್ಲಿ ಕೋಳಿ ಸಾಕುವವರನ್ನೂ ಸೇರಿಸಿಕೊಂಡು ಒಂದೇ ವಾರದಲ್ಲಿ ಎಲ್ಲರೂ ಬೋನು ಇಟ್ಟರೆ ಒಂದು ಕಡೆಯಿಂದ ಓಡಿದ ಇಲಿಗೆ ಇನ್ನೊಂದು ಕಡೆ ಜಾಗ ಸಿಗುವುದಿಲ್ಲ.